ಲಿಫ್ಟಿಗೆ ಒಡೆದ ಕುಂಬಳಕಾಯಿ

ಮೇದಿನಿ ಹಗಲಿಡೀ ಕೆಂಪು ಬಣ್ಣ ನೋಡುವವಳು. ಅಹಮದಾಬಾದಿನ ನರೋಡಾದ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ, ಇವತ್ತಿನ ಕೆಂಪು ನಿನ್ನೆಯ ಕೆಂಪಿನ ಹಾಗೇ ಇದೆಯೋ ಇಲ್ಲವೋ ಎಂದು ಹೇಳುವುದು ಅವಳ ಸಂಬಳದ ಕೆಲಸ. ಸಂಬಳವಿಲ್ಲದ ಕೆಲಸ ಬೇರೆಯೇ ಇತ್ತು. ನವರಂಗಪುರದ ಬಾಡಿಗೆ ಫ್ಲ್ಯಾಟಿಗೆ ಮರಳಿ, ಚಹಾ ಕುಡಿದು, ಲ್ಯಾಪ್‌ಟಾಪ್ ತೆರೆದರೆ ಭಾನಾಮತಿ, ಕೊಳ್ಳಿದೆವ್ವ, ಅಂಜನ ಹಾಕಿ ಕಳ್ಳನ ಮುಖ ತೋರಿಸುವವರು, ಮೈಮೇಲೆ ಬರಿಸಿಕೊಳ್ಳುವವರು. ‘ಕತ್ತಲಕಟ್ಟೆ’ ಎಂಬ ಆನ್‌ಲೈನ್ ಬಳಗಕ್ಕೆ ಅವಳು ಇವುಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದಳು. ಹೆದರಿಸುವುದಕ್ಕಲ್ಲ. ಹೆದರಿಕೆಯಿಂದ ಯಾರ ಹೊಟ್ಟೆ ತುಂಬುತ್ತದೆ, ಯಾರ ಮನೆ ಮುರಿಯುತ್ತದೆ ಎಂದು ತೋರಿಸುವುದಕ್ಕೆ.

ಕಟ್ಟೆಗೆ ಇದ್ದದ್ದು ಒಂದೇ ಕಟ್ಟಳೆ. ಬರೆದದ್ದನ್ನು ಹಾಕುವ ಮುನ್ನ, ಎಲ್ಲರೂ ಫೋನಿನಲ್ಲಿ ಸೇರಿದಾಗ ಗಟ್ಟಿಯಾಗಿ ಓದಬೇಕು. ಕೇಳುವವರಲ್ಲಿ ಯಾರು ಬೇಕಾದರೂ, ಯಾವ ವಾಕ್ಯಕ್ಕೆ ಬೇಕಾದರೂ “ಕಂಡವರ್ಯಾರು?” ಎಂದು ಅಡ್ಡ ಬರಬಹುದು. ಯಾವ ಪುಸ್ತಕ, ಯಾವ ಊರು, ಯಾರ ಬಾಯಿ ಎಂದು ಅಲ್ಲೇ ಹೇಳಬೇಕು. ಹೇಳಲಾಗದಿದ್ದರೆ ಆ ವಾಕ್ಯ ಸತ್ತ ಹಾಗೆ. ಈ ಕಟ್ಟಳೆಯನ್ನು ಮೇದಿನಿಯೇ ಸಿಂಧನೂರಿನಿಂದ ತಂದಿದ್ದಳು. ಅಲ್ಲಿ ಲೈಬ್ರರಿಯ ಮೆಟ್ಟಿಲ ಮೇಲೆ ಸೇರುತ್ತಿದ್ದ ಓದು ಬಳಗದಲ್ಲಿ ಹಮಾಲರ ಮಕ್ಕಳು, ಅಕ್ಕಿ ಗಿರಣಿಯಲ್ಲಿ ದುಡಿಯುವವರ ಮಕ್ಕಳು ದೊಡ್ಡ ದೊಡ್ಡ ಪುಸ್ತಕಗಳನ್ನು ನಡುದಾರಿಯಲ್ಲಿ ನಿಲ್ಲಿಸಿ ಇದೇ ಪ್ರಶ್ನೆ ಕೇಳಿ ಬೆಳೆದಿದ್ದರು.

ಕಟ್ಟೆಯ ಯಜಮಾನಿಕೆ ಶಂಕರನಾರಾಯಣ ಅವರದು. ಅಹಮದಾಬಾದಿನಲ್ಲಿ ಕೇಂದ್ರದ ಸಂಶೋಧನಾ ಸಂಸ್ಥೆಯೊಂದರಿಂದ ನಿವೃತ್ತರಾಗಿ, ಈಗ ವಡೋದರಾದಲ್ಲಿ ಮಗಳ ಮನೆಯಲ್ಲಿರುವ ಮೈಸೂರಿನವರು. ಅಲ್ಲಿನ ಹಳೆಯ ಗ್ರಂಥಾಲಯದಲ್ಲಿ ಕೂತು, ಬೇಕಾದ ಪುಟಗಳ ಫೋಟೋ ತೆಗೆದು ಮೇದಿನಿಗೆ ಕಳಿಸುತ್ತಿದ್ದವರು ಅವರೇ. ಹಾಗೆ ತಿಂಗಳುಗಟ್ಟಲೆ ಹುಡುಕಿ ಅವಳು ಬರೆದದ್ದು ‘ಭಾನಾಮತಿಯ ಸಾಮಾನು’. ಮೊದಲ ಭಾಗದಲ್ಲಿ ಜನ ಏನೇನನ್ನು ಮಾಟದ ಗುರುತು ಎಂದು ನಂಬುತ್ತಾರೆ ಎಂಬುದರ ವಿವರ: ಕುಂಕುಮ ಬಳಿದ ಕುಂಬಳಕಾಯಿ, ಹೋಳು ಮಾಡಿದ ನಿಂಬೆಹಣ್ಣು, ಕೂದಲು, ಸೂಜಿ ಚುಚ್ಚಿದ ಬೊಂಬೆ. ಎರಡನೇ ಭಾಗದಲ್ಲಿ, ಈ ಗುರುತುಗಳನ್ನು ಹಿಡಿದು ಊರೂರಲ್ಲಿ ಎಂಥ ಹೆಂಗಸರನ್ನು ಹೊರಗೆ ಹಾಕಿದರು, ಅವರ ಹೊಲ ಯಾರ ಪಾಲಾಯಿತು, ಮಂತ್ರ ತೊದಲಲಿ ಎಂದು ಯಾರ ಹಲ್ಲು ಮುರಿದರು ಎಂಬ ಲೆಕ್ಕ. ಮೊದಲ ಭಾಗದ ತುಂಬ ಅಡಿಟಿಪ್ಪಣಿ. ಎರಡನೇ ಭಾಗದ ತುಂಬ ಬೆಂಕಿ.

ದಸರಾ ಮುಗಿದ ವಾರ, ಅವಳ ಜೊತೆ ಫ್ಲ್ಯಾಟಿನಲ್ಲಿರುವ ಧನುಶ್ರೀ ಫೋನು ಹಿಡಿದು ಅಡುಗೆಮನೆಗೆ ಬಂದಳು. ಸೂರತ್‌ನಲ್ಲಿ ಬೆಳೆದ ಹುಡುಗಿ. ಕನ್ನಡ ಅವಳ ಬಾಯಲ್ಲಿ ಕುಂಟುತ್ತದೆ.

“ಅಕ್ಕಾ, ನೀನು ಬರೆದಿದೆಯಲ್ಲ, ಭೂತದ್ದು... ಅದು ಫೇಮಸ್ ಆಗಿದೆ.”

“ಎಲ್ಲಿ?”

“ನಮ್ಮ ಅತ್ತೆ ಬಿಲ್ಡಿಂಗ್‌ನಲ್ಲಿ. ಅತ್ತೆಯನ್ನ ಹೊರಗೆ ಹಾಕೋಕೆ.”

ಮೇದಿನಿ ಒಲೆ ಆರಿಸಿದಳು.

ಧನುಶ್ರೀಯನ್ನು ಸಾಕಿದ ಅತ್ತೆ ಪ್ರೇಮಾ. ಮೂಲ ಇಳಕಲ್‌ನವರು, ಸೂರತ್‌ನ ಕತಾರ್‌ಗಾಮ್‌ನಲ್ಲಿ ಒಂದು ಹಳೆಯ ಹೌಸಿಂಗ್ ಸೊಸೈಟಿಯ ನಾಲ್ಕನೇ ಮಹಡಿಯಲ್ಲಿ ಬಾಡಿಗೆಗಿದ್ದು, ಸೀರೆಗಳಿಗೆ ಹರಳು ಅಂಟಿಸುವ ಕೆಲಸ ಮಾಡುತ್ತಾರೆ. ಮಾರ್ಕೆಟಿನಿಂದ ಸೀರೆಯ ಗಂಟುಗಳು ಲಿಫ್ಟಿನಲ್ಲಿ ಮೇಲೆ ಬರಬೇಕು, ಲಿಫ್ಟಿನಲ್ಲಿ ಕೆಳಗೆ ಹೋಗಬೇಕು. ಹೀಗಾಗಿ ಆಯುಧಪೂಜೆಯ ದಿನ ಕತ್ತರಿಗೆ, ಸೂಜಿಗೆ ಹೂವೇರಿಸಿದ ಮೇಲೆ ಪ್ರೇಮಾ ಅವರಿಗೆ ಇನ್ನೊಂದು ಆಯುಧ ನೆನಪಾಯಿತು. ಬೂದುಗುಂಬಳಕ್ಕೆ ತೂತು ಕೊರೆದು, ಕುಂಕುಮ ತುಂಬಿ, ಚಿಲ್ಲರೆ ಹಾಕಿ, ಕರ್ಪೂರ ಹಚ್ಚಿ, ಲಿಫ್ಟಿಗೆ ನಿವಾಳಿಸಿ, ಅದರ ಬಾಗಿಲೆದುರು ಪಟ್ಟೆಂದು ಒಡೆದರು. ಲಿಫ್ಟಿನ ದೃಷ್ಟಿ ಹೋಗಲಿ ಎಂದು.

ಆ ದಿನದಿಂದ ಲಿಫ್ಟು ನಿಂತಿತು.

ಗುಜರಾತಿನಲ್ಲೂ ದಸರಾಕ್ಕೆ ಗಾಡಿಗಳಿಗೆ ಹಾರ ಹಾಕುತ್ತಾರೆ, ಫಾಫ್ಡಾ–ಜಲೇಬಿ ತಿನ್ನುತ್ತಾರೆ. ಕುಂಬಳಕಾಯಿಯ ಹೊಟ್ಟೆ ಬಗೆದು ಕೆಂಪು ಚೆಲ್ಲುವುದನ್ನು ಮಾತ್ರ ಅವರು ಕಂಡವರಲ್ಲ. ಬಾಗಿಲ ಮುಂದಿನ ಆ ಕೆಂಪನ್ನು ನೋಡಿ ಕಸ ಗುಡಿಸುವವಳು ಪೊರಕೆ ಬಿಟ್ಟಳು. ರಿಪೇರಿಗೆ ಬಂದ ಲಿಫ್ಟಿನವನು, ಮೊದಲು ಇದನ್ನು ತೆಗೆಸಿ, ಆಮೇಲೆ ಕರೆಯಿರಿ ಎಂದು ಗಾಡಿ ತಿರುಗಿಸಿದ. ನಾನೇ ತೊಳೀತೀನಿ ಎಂದು ಬಕೆಟ್ ಹಿಡಿದು ಬಂದ ಪ್ರೇಮಾ ಅವರನ್ನು, ಇನ್ನೇನು ಮಾಡುತ್ತಾಳೋ ಎಂದು ಮೆಟ್ಟಿಲಲ್ಲೇ ತಡೆದರು. ಕೊನೆಗೆ ಭೂವಾನನ್ನು, ಅಂದರೆ ಅಲ್ಲಿಯ ಮಂತ್ರವಾದಿಯನ್ನು ಕರೆಸಿದರು. ಅವನು ನವಿಲುಗರಿ ಆಡಿಸಿ, ನೆರಳು ದಕ್ಷಿಣ ದಿಕ್ಕಿನಿಂದ ಬಂದಿದೆ ಎಂದ. ಪ್ರೇಮಾ ಬಂದದ್ದು ದಕ್ಷಿಣದಿಂದಲೇ. ಸೊಸೈಟಿಯ ಸೆಕ್ರೆಟರಿ ಠಾಕೋರ್‌ಭಾಯಿ ಫೋನಿನಲ್ಲಿ ‘ಕುಂಬಳಕಾಯಿ ಕುಂಕುಮ ಮಾಟ’ ಎಂದು ಹುಡುಕಿದರು. ಫೋನು ಅವರಿಗೆ ಮೇದಿನಿಯ ಪ್ರಬಂಧವನ್ನು ಗುಜರಾತಿಗೆ ತಿರುಗಿಸಿ ಕೈಗಿಟ್ಟಿತು. ದೀಪಾವಳಿಯೊಳಗೆ ನಾಲ್ಕನೇ ಮಹಡಿ ಖಾಲಿಯಾಗಬೇಕು ಎಂದು ತೀರ್ಮಾನಿಸಲು ಭಾನುವಾರ ಮೀಟಿಂಗ್.

“ಹೋಗೂಣು,” ಎಂದಳು ಮೇದಿನಿ.

“ನೀನು ಹೋಗಿ ಏನು ಮಾಡ್ತೀಯಾ?”

“ಬರದಾಕಿ ನಾನು. ಅರ್ಧ ಓದಿ ಒಬ್ಬಾಕಿನ ಹೊರಗ ಹಾಕ್ತೀನಿ ಅಂದ್ರ ಉಳಿದರ್ಧ ನಾನ ಹೋಗಿ ಓದತೀನಿ.”

ಭಾನುವಾರದ ರೈಲಿಗೆ ವಡೋದರಾದಲ್ಲಿ ಶಂಕರನಾರಾಯಣ ಹತ್ತಿದರು. ಕೈಯಲ್ಲಿ ಆ ಊರಿನ ಹಸಿರು ಚೇವಡಾದ ಪೊಟ್ಟಣ. ಕೂತದ್ದೇ ಕೇಳಿದರು: “ಮೀಟಿಂಗು ಸಂಜೆಗೇ ಇಟ್ಕೋಬೇಕಾ? ಸ್ವಲ್ಪ ಮುಂಚೆ ಮುಗಿಸಿದ್ರೆ ಆಗಲ್ವೇ?”

“ಯಾಕ್ರಿ ಸರ?”

“ಹಾಗಲ್ಲಮ್ಮ. ನಾಲ್ಕೂವರೆ ಮೇಲೆ... ಸೂರತ್ ಟ್ರಾಫಿಕ್ಕು ನಿನಗೆ ಗೊತ್ತಿಲ್ಲ.”

ಮೇದಿನಿ ಚೇವಡಾ ಬಾಯಿಗೆ ಹಾಕಿಕೊಂಡು ಅವರ ಮುಖವನ್ನೇ ನೋಡಿದಳು. “ಭಾನುವಾರ ನಾಲ್ಕೂವರೆ ಮ್ಯಾಲ ಏನು ಬರ್ತದ ಅಂತ ನನಗೂ ಗೊತ್ತೈತ್ರಿ ಸರ. ಟ್ರಾಫಿಕ್ ಅಲ್ಲ, ರಾಹು.”

“ಛೆ ಛೆ! ನಾನಾ? ರಾಹುಕಾಲದ ಮೇಲೆ ಮೂರು ಪ್ರಬಂಧ ಬರೆದಿರೋನು ಕಣಮ್ಮ ನಾನು!”

“ಬರ್ದೀರಿ, ಖರೆ. ಪೋಸ್ಟ್ ಮಾಡೂ ಹೊತ್ತು ಮಾತ್ರ ನೋಡೀರಿ.”

ಧನುಶ್ರೀಗೆ ಅರ್ಧ ಅರ್ಥವಾಗಿ ಪೂರ್ತಿ ನಗು ಬಂತು. ಶಂಕರನಾರಾಯಣ ಕಿಟಕಿಯ ಹೊರಗೆ ಭರೂಚ್ ಬಂತೇ ಎಂದು ನೋಡತೊಡಗಿದರು.

ಸೊಸೈಟಿಯ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿದ್ದವು. ಒಂದು ಬದಿಗೆ ಲಿಫ್ಟು, ಎದುರಿಗೆ ಅಡ್ಡ ಕಟ್ಟಿದ ಹಗ್ಗ. ಹಗ್ಗದಾಚೆ ನೆಲದಲ್ಲಿ ಒಣಗಿದ ಕುಂಬಳದ ತಿರುಳು, ಹರಡಿದ ಕೆಂಪು. ಪ್ರೇಮಾ ಕೊನೆಯ ಸಾಲಿನಲ್ಲಿ ಒಬ್ಬರೇ ಕೂತಿದ್ದರು. ಅವರ ಅಕ್ಕಪಕ್ಕದ ಕುರ್ಚಿಗಳು ಖಾಲಿ. ಮೇದಿನಿ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತಳು.

“ನೀನೇನವಾ ಆ ಬರಿಯೂ ಹುಡುಗಿ?” ಎಂದರು ಪ್ರೇಮಾ. “ಬರದಿ ಬರದಿ, ಕುಂಬಳಕಾಯಿ ಬಿಟ್ಟು ಬ್ಯಾರೆ ಕಾಯಿಪಲ್ಲೆ ಸಿಗಲಿಲ್ಲೇನು ನಿನಗ?”

“ತಪ್ಪಾತ್ರಿ ಅತ್ತಿ. ಆದ್ರ ನೀವು ಲಿಫ್ಟಿಗೆ ಒಡೀತೀರಿ ಅಂತ ಯಾವ ಪುಸ್ತಕದಾಗೂ ಇರಲಿಲ್ರಿ.”

“ಯಾಕ ಒಡೀಬಾರದು? ನನ್ನ ಹೊಟ್ಟಿ ಅದರಾಗ ಏರಿ ಇಳೀತೈತಿ. ಈ ಮೊಣಕಾಲಾಗ ಗಂಟು ಹೊತ್ತು ನಾಕು ಮಾಳಗಿ ಹತ್ತಲೇನು? ಇಲ್ಲಿಂದ ಎಬ್ಬಿಸಿದ್ರ ಒಬ್ಬಂಟಿ ಹೆಂಗಸಿಗೆ, ಅದೂ ಮಾಟದಾಕಿ ಅಂತ ಹೆಸರಾದಾಕಿಗೆ, ಈ ಸೂರತ್‌ನ್ಯಾಗ ಯಾರು ಮನಿ ಕೊಡ್ತಾರ?” ಅಷ್ಟು ಹೊತ್ತು ಜೋರಾಗಿದ್ದ ದನಿ ಅಲ್ಲಿ ಸಣ್ಣಗಾಯಿತು.

ಠಾಕೋರ್‌ಭಾಯಿ ಎದ್ದು ನಿಂತರು. ವಜ್ರ ಸಾಣೆ ಹಿಡಿಯುವ ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದವರು. ಸಣ್ಣದನ್ನು ನೋಡಿ ನೋಡಿ ಕಣ್ಣು ಕಿರಿದಾಗಿತ್ತು. ಕೆಟ್ಟ ಮನುಷ್ಯನಲ್ಲ. ಅವರ ತಾಯಿ ಮಣಿಬಾ ಮೂರನೇ ಮಹಡಿಯಲ್ಲಿ. ದಿನಾ ಸಂಜೆ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತು ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತಿದ್ದ ಮುದುಕಿ, ಲಿಫ್ಟು ನಿಂತ ಮೇಲೆ ಬಾಲ್ಕನಿಯಲ್ಲಿ ಬಂದಿಯಾಗಿದ್ದರು. ತಾಯಿಯ ಸಂಕಟಕ್ಕೆ ಒಬ್ಬ ಅಪರಾಧಿ ಬೇಕಿತ್ತು. ನಮ್ಮಲ್ಲಿ ಅಪರಾಧಿ ಬೇಕಾದಾಗಲೆಲ್ಲ ಗಂಡನಿಲ್ಲದ, ಊರು ಬೇರೆಯಾದ, ಬಾಡಿಗೆಗಿರುವ ಹೆಂಗಸು ಎಷ್ಟು ಸಲೀಸಾಗಿ ಸಿಕ್ಕಿಬಿಡುತ್ತಾಳೆ!

ಅವರ ಕೈಯಲ್ಲಿ ಪ್ರಬಂಧದ ಮುದ್ರಿತ ಹಾಳೆಗಳು. ಧನುಶ್ರೀ ಸೂರತಿ ಗುಜರಾತಿಯಲ್ಲಿ, “ಕಾಕಾ, ಅದನ್ನ ಬರೆದವರು ಇವರೇ,” ಎಂದು ಮೇದಿನಿಯನ್ನು ತೋರಿಸಿದಳು.

ಜಗಳಕ್ಕೆ ಸಜ್ಜಾಗಿ ಬಂದ ಮೇದಿನಿಗೆ ಆಮೇಲೆ ಆದದ್ದು ತಿಳಿಯಲೇ ಇಲ್ಲ. ಠಾಕೋರ್‌ಭಾಯಿಯ ಮುಖ ಅರಳಿತು. ಕೈ ಮುಗಿದರು. ಮುಂದಿನ ಸಾಲಿಗೆ ಕರೆದೊಯ್ದು, ಇದ್ದುದರಲ್ಲಿ ಕಾಲು ಅಲುಗಾಡದ ಕುರ್ಚಿ ಹಾಕಿ ಕೂರಿಸಿದರು. ಚಹಾ ಬಂತು.

“ಬೇನ್, ನೀವೇ ಬಂದದ್ದು ನಮ್ಮ ಪುಣ್ಯ. ಎಂಥಾ ಬರವಣಿಗೆ! ಒಂದೊಂದು ಮಾತಿಗೂ ಕೆಳಗೆ ಸಣ್ಣಕ್ಷರದಲ್ಲಿ ಪುರಾವೆ! ಇಷ್ಟು ಪುರಾವೆ ಇದ್ದಮೇಲೆ ಸುಳ್ಳಾಗುವುದು ಹೇಗೆ?”

“ಅದು ಜನ ಹೀಗೆ ನಂಬುತ್ತಾರೆ ಅನ್ನುವುದಕ್ಕೆ ಪುರಾವೆ, ಭಾಯಿ. ಮಾಟ ಇದೆ ಅನ್ನುವುದಕ್ಕಲ್ಲ,” ಎಂದಳು ಮೇದಿನಿ ಹಿಂದಿಯಲ್ಲಿ. “ನೀವು ಎರಡನೇ ಭಾಗ ಓದಲಿಲ್ಲವೇ?”

ಠಾಕೋರ್‌ಭಾಯಿ ಹಾಳೆಗಳನ್ನು ತಿರುವಿದರು. “ಎಷ್ಟು ಉದ್ದ ಬರೆಯುತ್ತೀರಿ ಬೇನ್! ಇಷ್ಟೇ ಸಾಕಾಯಿತು ಅಂತ ನಿಲ್ಲಿಸಿದೆ.”

ಹಿಂದಿನಿಂದ ಶಂಕರನಾರಾಯಣ ಕನ್ನಡದಲ್ಲಿ ಗೊಣಗಿದರು: “ನಾನೂ ಹೇಳಿದ್ದೆ. ಉದ್ದ ಆಯ್ತು ಅಂತ.”

“ಈಗ ನೀವೇ ಹೇಳಿ,” ಎಂದರು ಠಾಕೋರ್‌ಭಾಯಿ. “ನೀವು ಈ ವಿಷಯ ಬಲ್ಲವರು. ಈಕೆ ಮಾಟ ಮಾಡಿದ್ದಾಳೋ ಇಲ್ಲವೋ? ಇಲ್ಲ ಅಂತ ನೀವು ಬರೆದು ಸಹಿ ಹಾಕಿ. ನೋಟಿಸ್ ಬೋರ್ಡಿಗೆ ಹಚ್ಚುತ್ತೇನೆ. ಮಾತು ಮುಗಿಯಿತು.”

ಪಾರ್ಕಿಂಗಿನಲ್ಲಿ ಎಲ್ಲರೂ ತಲೆಯಾಡಿಸಿದರು. ಪ್ರೇಮಾ ಅವರ ಮುಖದಲ್ಲಿ ಜೀವ ಬಂತು. ಶಂಕರನಾರಾಯಣ ಬಗ್ಗಿ ಮೇದಿನಿಯ ಕಿವಿಯಲ್ಲಿ, “ಹಾಕಮ್ಮ ಸಹಿ. ಒಂದು ಗೀಟು. ಮನೆ ಉಳಿಯುತ್ತೆ,” ಎಂದರು.

ಮೇದಿನಿ ಪೆನ್ನು ಮುಟ್ಟಲಿಲ್ಲ.

“ಸರ, ಇವತ್ತು ‘ಈಕಿ ಮಾಟಗಾತಿ ಅಲ್ಲ’ ಅಂತ ನಾನು ಬರಕೊಟ್ರ, ಮಾಟಗಾತಿ ಯಾರು ಅಂತ ಹೇಳೂ ಅಧಿಕಾರ ನನಗೈತಿ ಅಂತ ಒಪ್ಪಿಕೊಂಡಂಗ. ನವಿಲುಗರಿ ಹಿಡಿದು ಬಂದಿದ್ನಲ್ಲ, ಅವನ ಕೆಲಸಾನ ಪೆನ್ನು ಹಿಡಿದು ನಾನು ಮಾಡಿದಂಗ. ಮುಂದ ಇನ್ನೊಂದು ಲಿಫ್ಟ್ ನಿಲ್ತದ, ಇನ್ನೊಬ್ಬಾಕಿ ಸಿಗ್ತಾಳ, ಇನ್ನೊಬ್ಬ ಬಂದು ‘ಹೌದು’ ಅಂತ ಸಹಿ ಹಾಕ್ತಾನ. ಆವಾಗ?”

“ಆವಾಗಿಂದು ಆವಾಗ ನೋಡೂಣ!” ಪ್ರೇಮಾ ಹಿಂದಿನ ಸಾಲಿನಿಂದಲೇ ಕೂಗಿದರು. “ಸಹಿ ಹಾಕ ತಾಯಿ! ನನ್ನ ಗಂಟು–ಮೂಟಿ ನೀ ಹೊರ್ತೀಯೇನು?”

ಸರಿಯಾದದ್ದನ್ನು ಹೇಳುವ ಖರ್ಚು ಈಗ ಬೇರೆಯವರ ತಲೆಗೆ ಬರುತ್ತಿತ್ತು. ಪ್ರೇಮಾ ಕಣ್ಣೊರೆಸಿಕೊಳ್ಳುತ್ತಿದ್ದರು. ಧನುಶ್ರೀ ಯಾರ ಕಡೆ ನಿಲ್ಲುವುದೆಂದು ತಿಳಿಯದೆ ನಡುವೆ ನಿಂತಿದ್ದಳು. ಏನೂ ತೋಚದೆ ಮೇದಿನಿ ತನಗೆ ಗೊತ್ತಿದ್ದ ಒಂದೇ ಒಂದು ಮಾತನ್ನು ಆಡಿದಳು.

“ಠಾಕೋರ್‌ಭಾಯಿ, ಲಿಫ್ಟು ಕೆಟ್ಟಿದೆ ಅಂದಿರಲ್ಲ. ಕಂಡವರು ಯಾರು?”

“ಅಂದರೆ? ಎಲ್ಲರೂ ಕಂಡಿದ್ದೇವೆ. ನಡೆಯುತ್ತಿಲ್ಲ.”

“ನಡೆಯದ್ದನ್ನು ಕಂಡಿರಿ. ಯಾಕೆ ಅನ್ನುವುದನ್ನು ಕಂಡವರು ಯಾರು? ಲಿಫ್ಟಿನವನು ನೋಡಿದನೇ?”

“ಅವನು ಮುಟ್ಟಲಿಲ್ಲ.”

“ಭೂವಾ?”

“ಅವರು ಹಗ್ಗದ ಈಚೆಯಿಂದ ನೋಡಿದರು.”

“ನೀವು?”

ಠಾಕೋರ್‌ಭಾಯಿ ಅಕ್ಕಪಕ್ಕ ನೋಡಿದರು. “ಅಲ್ಲಿ ರಕ್ತ ಇದೆ, ಬೇನ್. ಯಾರು ಮುಟ್ಟುತ್ತಾರೆ?”

ರಕ್ತ ಎಂಬ ಮಾತು ಕೇಳಿದ್ದೇ ಮೇದಿನಿಗೆ ತನ್ನ ಲ್ಯಾಬು ನೆನಪಾಯಿತು. ಎದ್ದಳು, ಹಗ್ಗ ದಾಟಿದಳು. ಹಿಂದೆ ಒಂದು “ಅರೆ ಬಾಪ್ರೆ!” ಎದ್ದಿತು. ನೆಲದ ಕೆಂಪನ್ನು ಬೆರಳಿನಿಂದ ಒರೆಸಿ ಬೆಳಕಿಗೆ ಹಿಡಿದಳು.

“ರಕ್ತವಾಗಿದ್ದರೆ ಇಷ್ಟು ಹೊತ್ತಿಗೆ ಕಂದುಗಟ್ಟಿರುತ್ತಿತ್ತು. ಇದು ಅಂಗಡಿಯ ಕುಂಕುಮ. ಅದೂ ಅಗ್ಗದ್ದು. ಬಣ್ಣ ಹಾಕಿದ್ದಾರೆ. ಯಾರಿಗೆ ಗೊತ್ತು, ನಾನೇ ಪಾಸು ಮಾಡಿದ ಬಣ್ಣ ಇರಬಹುದು.”

“ಅಗ್ಗದ್ದಲ್ಲ!” ಎಂದರು ಪ್ರೇಮಾ ಅಳುತ್ತಲೇ. “ಊರಿಂದ ತರಿಸಿದ್ದು!”

ಯಾರೋ ನಕ್ಕರು. ಮೊದಲ ಸಲ.

ಅದು ಹಳೆಯ ಲಿಫ್ಟು. ಕೈಯಿಂದ ಎಳೆದು ಮುಚ್ಚುವ ಕಬ್ಬಿಣದ ಜಾಲರಿ ಬಾಗಿಲು. ಮೇದಿನಿ ಎಳೆದಳು. ಬಾಗಿಲು ಕಿರುಗುಟ್ಟಿಕೊಂಡು ಓಡಿ ಬಂದು, ಕೊನೆಗೆ ಒಂದು ಬೆರಳಷ್ಟು ಬಾಕಿ ಇರುವಾಗ ನಿಂತಿತು. ಮತ್ತೆ ಎಳೆದಳು. ಅಲ್ಲೇ ನಿಂತಿತು. ಬಾಗಿಲು ಪೂರ್ತಿ ಮುಚ್ಚದೆ ಇಂಥ ಲಿಫ್ಟು ಮೇಲೇಳುವುದಿಲ್ಲ ಎಂಬುದು ಆ ಕಟ್ಟಡದ ಮಕ್ಕಳಿಗೂ ಗೊತ್ತು. ಬಾಗಿಲು ಮುಚ್ಚಿದೆಯೇ ಎಂದು ನೋಡಲು ಮಾತ್ರ ಯಾರೂ ಹಗ್ಗ ದಾಟಿರಲಿಲ್ಲ.

“ಸರ, ಸ್ವಲ್ಪ ಬರ್ರಿ. ಬಾಗಲಾ ಹಿಡೀರಿ.”

ಶಂಕರನಾರಾಯಣ ಹಗ್ಗದ ತನಕ ಬಂದರು. ಗಡಿಯಾರ ನೋಡಿಕೊಂಡರು. “ಈಗಲೇನಾ?”

“ರಾಹು ಲಿಫ್ಟ್‌ನ್ಯಾಗ ಬರಂಗಿಲ್ರಿ ಸರ. ಬಾಗಲಾ ಮುಚ್ಚಂಗಿಲ್ಲಲ್ಲ.”

ಅವರು ಕಣ್ಣು ಮುಚ್ಚಿಕೊಂಡು ಹಗ್ಗ ದಾಟಿದರು. ಲಿಫ್ಟಿನೊಳಗೆ ನಿಂತು ಬಾಗಿಲು ಹಿಡಿದರು. ಮೇದಿನಿ ಮಂಡಿಯೂರಿ, ಜಾಲರಿ ಓಡುವ ನೆಲದ ಕಬ್ಬಿಣದ ಹಳಿಯ ಸಂದಿಯೊಳಗೆ ಬೆರಳು ತೂರಿಸಿದಳು. ಒಣಗಿದ ತಿರುಳು ಬಂತು. ಕುಂಬಳದ ಬೀಜ ಬಂತು. ಆಳದಲ್ಲಿ, ಮೂಲೆಯಲ್ಲಿ, ಬೀಜದ ಅಂಟಿಗೆ ಕಚ್ಚಿಕೊಂಡು ಏನೋ ಗಟ್ಟಿಯಾದದ್ದು ಸಿಕ್ಕಿತು. ಧನುಶ್ರೀಯ ಹೇರ್‌ಪಿನ್ನಿನಿಂದ ಮೀಟಿದಳು. ಟಣ್ಣೆಂದು ಹೊರಬಿತ್ತು.

ಕುಂಕುಮ ಮೆತ್ತಿದ ಒಂದು ನಾಣ್ಯ.

“ಅಯ್ಯ ನಮ್ಮವ್ವ,” ಎಂದರು ಪ್ರೇಮಾ. “ನಾ ಕಾಯಿಯೊಳಗ ಹಾಕಿದ್ದು!”

ಬಾಗಿಲು ಎಳೆದರೆ ಖಟ್ ಎಂದು ಕೂತಿತು. ಒಳಗಿದ್ದ ಶಂಕರನಾರಾಯಣ ಗುಂಡಿ ಒತ್ತಿದರೋ, ಕೈ ತಾಗಿತೋ, ಲಿಫ್ಟು ಅವರನ್ನು ಹೊತ್ತುಕೊಂಡು ಮೇಲೇರಿತು. “ಏಯ್, ಏಯ್, ಮೇದಿನೀ!” ಎಂಬ ಕೂಗು ಒಂದೊಂದೇ ಮಹಡಿ ದಾಟಿ ಸಣ್ಣಗಾಯಿತು. ಪಾರ್ಕಿಂಗಿಗೆ ಪಾರ್ಕಿಂಗೇ ಬಿದ್ದು ಬಿದ್ದು ನಕ್ಕಿತು.

ಠಾಕೋರ್‌ಭಾಯಿ ನಾಣ್ಯವನ್ನು ತೆಗೆದುಕೊಂಡು, ವಜ್ರ ನೋಡುವವರ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದರು. “ಹಾಗಾದರೆ ಲಿಫ್ಟು ನಿಲ್ಲಿಸಿದ್ದು ಇವರೇ!”

“ಇವರೇ,” ಎಂದಳು ಮೇದಿನಿ. “ನಾಣ್ಯ ಹಾಕಿ ನಿಲ್ಲಿಸಿದರು. ಬಯ್ಯಿರಿ, ನೆಲ ತೊಳೆಸಿ, ಇನ್ನು ಮೇಲೆ ಹೊರಗೆ ಒಡೆಯಲು ಹೇಳಿ. ಆದರೆ ಇಷ್ಟು ದಿನ ನಿಮ್ಮ ತಾಯಿಯನ್ನು ಮೇಲೆ ಕೂರಿಸಿದ್ದು ನಾಣ್ಯವಲ್ಲ. ಬಗ್ಗಿ ನೋಡದ ನೀವು. ತೊಳೆಯಲು ಬಂದವರನ್ನು ತಡೆದು, ಮನೆ ಬಿಡಿ ಅಂದವರು ನೀವು. ಇವರಿಗೆ ಒಂದು ಮಾತು ಹೇಳಬೇಕಾದವರೂ ನೀವೇ.”

ಠಾಕೋರ್‌ಭಾಯಿ ಹೇಳುವ ಮೊದಲೇ ಲಿಫ್ಟು ಕೆಳಗಿಳಿಯಿತು. ಜಾಲರಿಯ ಹಿಂದೆ ಶಂಕರನಾರಾಯಣ ಮಾತ್ರ ಇರಲಿಲ್ಲ. ಮೂರನೇ ಮಹಡಿಯಲ್ಲಿ ಅವರನ್ನು ಇಳಿಸಿ, ಕೋಲು ಊರಿಕೊಂಡು ಮಣಿಬಾ ಹತ್ತಿದ್ದರು. ಮುದುಕಿ ಹೊರಬಂದು, ಬಾಲ್ಕನಿಯಿಂದ ಎಲ್ಲ ಕೇಳಿಸಿಕೊಂಡವರಂತೆ, ಮಗನ ಕೈಯಲ್ಲಿದ್ದ ಪ್ರಬಂಧದ ಹಾಳೆಗಳನ್ನು ಕಸಿದುಕೊಂಡು ಅದರಿಂದಲೇ ಅವರ ಭುಜಕ್ಕೆ ಒಂದು ಬಾರಿಸಿದರು. ಆಮೇಲೆ ನೆಟ್ಟಗೆ ಕೊನೆಯ ಸಾಲಿಗೆ ನಡೆದು, ಪ್ರೇಮಾ ಅವರ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು. ಗುಜರಾತಿಯಲ್ಲಿ ಏನೋ ಕೇಳಿದರು. ಪ್ರೇಮಾ ನಗುತ್ತ ಮೂಗು ಒರೆಸಿಕೊಂಡರು.

“ಏನಂತ ಕೇಳಿದ್ರು?” ಎಂದಳು ಮೇದಿನಿ.

ಧನುಶ್ರೀ ಪದ ಹುಡುಕಿ ಹೇಳಿದಳು: “ಮಣಿಬಾ ಕೇಳ್ತಿದಾರೆ, ಉಳಿದ ಕುಂಬಳಕಾಯಿ ಏನು ಮಾಡಿದಿರಿ, ಪಲ್ಯ ಆಗುತ್ತಾ ಅಂತ.”

ಠಾಕೋರ್‌ಭಾಯಿ ಬಂದು ಪ್ರೇಮಾ ಅವರ ಮುಂದೆ ನಿಂತರು. ಬಹಳ ಹೊತ್ತು ಕೆಮ್ಮಿದರು. ಕೊನೆಗೆ, “ಬೇನ್, ತಪ್ಪು ನಮ್ಮದು. ದೀಪಾವಳಿ ಇಲ್ಲೇ ಮಾಡಿ,” ಎಂದರು. ಬಕೆಟ್ ತಂದು ಮೊದಲ ನೀರು ಹಾಕಿದವರೂ ಅವರೇ.

ಮರುವಾರ ಕಟ್ಟೆಯ ಓದು. ಭಾನುವಾರ ಸಂಜೆ ಐದಕ್ಕೆಂದು ಗೊತ್ತು ಮಾಡಿದವಳು ಮೇದಿನಿ, ಶಂಕರನಾರಾಯಣ ಚಕಾರವೆತ್ತಲಿಲ್ಲ. ‘ಭಾನಾಮತಿಯ ಸಾಮಾನು’ ಅಷ್ಟರಲ್ಲಿ ತಲೆಕೆಳಗಾಗಿತ್ತು. ಎರಡನೇ ಭಾಗವನ್ನು ಮೇಲಕ್ಕೆ ತಂದು, ಮಾಟದ ಗುರುತುಗಳನ್ನು ಕೊನೆಗೆ ತಳ್ಳಿದ್ದಳು. ಅರ್ಧಕ್ಕೆ ನಿಲ್ಲಿಸುವವರು ನಿಲ್ಲಿಸಲಿ, ಬೆಂಕಿ ದಾಟಿಯೇ ಹೋಗಲಿ. ಇವತ್ತು ಓದಲು ತಂದದ್ದು ಹೊಸದು.

“‘ಒಂದು ಲಿಫ್ಟಿಗೆ ಮಾಟ ಹಿಡಿಯಿತು ಎಂದು ಒಂದು ಕಟ್ಟಡವೇ ನಂಬಿತು. ಅದನ್ನು ಬಿಡಿಸಲು ಬೇಕಾದದ್ದು ಒಂದು ಹೇರ್‌ಪಿನ್ನು,’” ಎಂದು ಮೊದಲ ಸಾಲು ಓದಿದಳು.

ಕಲಬುರಗಿಯಿಂದಲೋ ದೋಹಾದಿಂದಲೋ ಒಂದು ದನಿ ತಡೆಯಿತು: “ಕಂಡವರ್ಯಾರು?”

ಪುಸ್ತಕ, ಪುಟ, ಸತ್ತವರ ಹೆಸರು ಹುಡುಕಿ ಹುಡುಕಿ ಅಭ್ಯಾಸವಾಗಿದ್ದ ಮೇದಿನಿ ಮೊದಲು ಅಡಿಟಿಪ್ಪಣಿಗಾಗಿ ಕಣ್ಣಾಡಿಸಿದಳು. ಆಮೇಲೆ ನಗು ಬಂತು.

“ನಾನು,” ಎಂದಳು.

“ನಾನೂ ಕಂಡೀನ್ರಿ!” ಸೂರತ್‌ನಿಂದ ಪ್ರೇಮಾ. ಅಂದೇ ಮೊದಲು ಕಟ್ಟೆಗೆ ಬಂದಿದ್ದರು. ಕಲ್ಲುಬೆಂಚಿನ ಮೇಲೆ ಕೂತಿದ್ದಿರಬೇಕು, ಹಿಂದೆ ಜಾಲರಿ ಬಾಗಿಲು ಖಟ್ ಎಂದು ಮುಚ್ಚಿದ ಸದ್ದು ಕೇಳಿಸಿತು. ಅವರ ಪಕ್ಕದಿಂದ, ಮಾತು ಅರ್ಥವಾಗದಿದ್ದರೂ ಗುಂಪಿನಲ್ಲಿ ಹಿಂದೆ ಬೀಳಲೊಲ್ಲದ ಇನ್ನೊಂದು ಮುದಿ ದನಿ ಫೋನಿಗೆ ಬಾಯಿಟ್ಟು ಗುಜರಾತಿಯಲ್ಲಿ ಕೂಗಿತು:

“ಹುಂ ಪಣ್!”

“ಅದೇನು?” ಎಂದಿತು ಕಲಬುರಗಿ ಅಥವಾ ದೋಹಾ.

“‘ನಾನೂ’ ಅಂತ,” ಎಂದರು ಶಂಕರನಾರಾಯಣ. “ಅವರು ಸಾಕ್ಷಿ. ನನ್ನನ್ನ ಮೂರನೇ ಮಹಡೀಲಿ ಇಳಿಸಿದವರು. ವಾಕ್ಯ ಉಳೀತು. ಮುಂದೆ ಓದಮ್ಮ.”